ಕೆಚ್ಚಲಿಗೆ ಇಳಿದ ತೊರೆ

ತೊರೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಹೊಳೆಯೇ. ಮಲೆಯ ಮಗ್ಗುಲಲ್ಲಿ ಇಳಿದು ಬರುವ ನೀರು, ಹಳ್ಳಕ್ಕಿಂತ ಒಂದು ಕೈ ಮೇಲು, ನದಿಗಿಂತ ಒಂದು ಕೈ ಕಡಿಮೆ. ಕಾವ್ಯ ಓದಿದವರಿಗೆ ಎರಡನೆಯದೊಂದು ತೊರೆಯೂ ನೆನಪಾದೀತು: ಮನೆ ತೊರೆದವರು, ರಾಜ್ಯ ತೊರೆದವರು, ಹಂಗು ತೊರೆದವರು. ನಮ್ಮ ಸಾಹಿತ್ಯದ ಅರ್ಧಭಾಗ ಇಂಥ ತೊರೆದವರ ಕಥೆಯೇ ಆಗಿರುವಾಗ ಆ ಕ್ರಿಯಾಪದಕ್ಕೆ ಮರೆವು ಬರುವ ಭಯವಿಲ್ಲ. ಇವೆರಡರ ನೆರಳಿನಲ್ಲಿ ಮೂರನೆಯದೊಂದು ತೊರೆ ಇದೆ. ಅದು ಹೊಳೆಯ ದಂಡೆಯದಲ್ಲ, ಮಠದ ಹೊಸ್ತಿಲಿನದಲ್ಲ, ದನದ ಕೊಟ್ಟಿಗೆಯದು. ಹಾಲು ಕೆಚ್ಚಲಿಗೆ ಇಳಿಯುವುದಕ್ಕೆ, ಎದೆಯಲ್ಲಿ ಹಾಲು ಉಕ್ಕಿ ಮೊಲೆಯ ತುದಿಗೆ ಬರುವುದಕ್ಕೆ ಕನ್ನಡ ಇಟ್ಟುಕೊಂಡಿದ್ದ ಪದ ಅದು. ಪದಪ್ರಿಯರಾದ ನಾವು ಇವತ್ತು ಹಿಂಬಾಲಿಸಬೇಕಾದದ್ದು ಈ ಮೂರನೆಯ ತೊರೆಯನ್ನು.

ನನಗೆ ಅದು ಕಿವಿಗೆ ಬಿದ್ದದ್ದು ಚಂದ್ರಬಂಡದಲ್ಲಿ. ರಾಯಚೂರು ತಾಲ್ಲೂಕಿನ ಹೋಬಳಿ ಊರು. ತೆಲುಗಿನ ಗಡಿಗೆ ಹತ್ತಿರವಾದ್ದರಿಂದ ಊರ ಹೆಸರಿನ ಬಾಲದಲ್ಲೇ ಆ ನೆರೆತನ ಕೂತಿದೆ: ನಾವು ಬಂಡೆ ಎನ್ನುವುದನ್ನು ತೆಲುಗರು ಬಂಡ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಲ್ಲಿಯ ಸೋದರತ್ತೆಯ ಮನೆಗೆ ಹೋದಾಗ, ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಚರಗಿ ಹಿಡಿದು ನಿಲ್ಲುವುದು ನನ್ನ ಕೆಲಸ. ಗ್ವಾದ್ಲಿಗೆ ಹಿಂಡಿ ಹಾಕಿ, ಕರುವನ್ನು ಬಿಟ್ಟು, ಅದು ನಾಲ್ಕು ಸಲ ಕೆಚ್ಚಲಿಗೆ ಮೂತಿಯಿಂದ ಗುದ್ದಿ ಚೀಪುವುದನ್ನು ನೋಡುತ್ತ ಅತ್ತೆ ಸುಮ್ಮನೆ ಕೂತಿರುತ್ತಿದ್ದಳು. ನಾನು ಅವಸರಪಟ್ಟರೆ, ‘ತಡಿಯಪಾ, ಇನ್ನಾ ತೊರಿ ಬಿಟ್ಟಿಲ್ಲ’ ಎನ್ನುತ್ತಿದ್ದಳು. ಪದದ ಕೊನೆಯ ಎಕಾರ ನಮ್ಮ ಕಡೆ ಇಕಾರವಾಗುತ್ತದೆ, ಮನೆ ಮನಿ ಆಗುವ ಹಾಗೆ, ಎಮ್ಮೆ ಎಮ್ಮಿ ಆಗುವ ಹಾಗೆ. ಆದ್ದರಿಂದ ತೊರೆಯೂ ತೊರಿ. ಕೃಷ್ಣೆ ಒಂದು ಬದಿ, ತುಂಗಭದ್ರೆ ಇನ್ನೊಂದು ಬದಿ ಹರಿಯುವ ಈ ಎಡೆದೊರೆ ನಾಡಿನ ಹುಡುಗನಿಗೆ ಎಮ್ಮೆ ಹೊಳೆಯನ್ನು ಬಿಡುವುದೆಂದರೇನು ಎಂದು ತಿಳಿಯದೆ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಎಡೆದೊರೆ ಎಂಬ ನಾಡಿನ ಹೆಸರಿನಲ್ಲೇ ನೀರಿನ ತೊರೆ ಇದೆಯಲ್ಲ.

ಗೊಂದಲ ನನ್ನದಷ್ಟೇ ಆಗಿರಲಿಲ್ಲ, ಲಿಪಿಯದೂ ಆಗಿತ್ತು. ಹಳಗನ್ನಡದಲ್ಲಿ ನೀರಿನ ತೊರೆಗೂ ಬಿಟ್ಟುಕೊಡುವ ತೊರೆಗೂ ಇದ್ದದ್ದು ಶಕಟರೇಫ, ಬಂಡಿ ಱ: ತೊಱೆ. ತಮಿಳಿನ ತುಱೈ ನೀರಿನ ತೊಱೆಗೆ ನಂಟು, ತುಱ ಎಂಬುದು ತ್ಯಾಗದ ತೊಱೆಗೆ ನಂಟು; ಅಲ್ಲಿಯೂ ಅದೇ ಗಡಸು ರಕಾರ. ಹಾಲಿನ ತೊರೆಗಿದ್ದದ್ದು ಮಾತ್ರ ಸಾದಾ ರ. ಕಿವಿ ಚುರುಕಾಗಿದ್ದ ಕಾಲದಲ್ಲಿ ಈ ಪದಗಳು ಎದುರಾದಾಗ ಒಂದನ್ನೊಂದು ತಾಕದೆ ಸರಿದು ಹೋಗುತ್ತಿದ್ದವು. ಶಕಟರೇಫ ಬಳಕೆಯಿಂದ ಮರೆಯಾಗಿ ಅದರ ಮನೆಯನ್ನೆಲ್ಲ ಸಾದಾ ರಕಾರವೇ ಆಕ್ರಮಿಸಿದಾಗ ಮೂರೂ ಒಂದೇ ಉಡುಪಿನಲ್ಲಿ ನಿಂತವು. ಆಗ ಹಾಲಿನ ಕ್ರಿಯಾಪದಕ್ಕೆ ಬಂದ ಕಷ್ಟ ಎಂಥದೆಂದು ಊಹಿಸಿ ನೋಡಿ: ಮಗುವನ್ನು ಕಂಡು ತಾಯಿಯ ಮೊಲೆ ತೊರೆಯಿತು ಎಂದರೆ ಉಕ್ಕಿತು ಎಂದೋ, ಬಿಟ್ಟುಬಿಟ್ಟಿತು ಎಂದೋ? ಒಂದೇ ಉಚ್ಚಾರದಲ್ಲಿ ಕೊಡುವುದೂ ಕೈಬಿಡುವುದೂ ಸೇರಿಕೊಂಡರೆ ಭಾಷೆ ಬಹಳ ದಿನ ಸಹಿಸದು. ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ಹೀಗೆಯೇ ಹುಂಜಕ್ಕೂ ಬೆಕ್ಕಿಗೂ ಧ್ವನಿಬದಲಾವಣೆಯಿಂದ ಒಂದೇ ಹೆಸರಾಗಿ, ಹುಂಜ ತನ್ನ ಹಳೆಯ ಹೆಸರು ಬಿಟ್ಟು ಬೇರೆ ಹೆಸರು ಹುಡುಕಿಕೊಳ್ಳಬೇಕಾಯಿತೆಂದು ಜಿಲಿಯೆರೋನ್ ಎಂಬ ವಿದ್ವಾಂಸ ಭಾಷಾನಕ್ಷೆಗಳನ್ನು ಹರಡಿ ತೋರಿಸಿದ. ನಮ್ಮಲ್ಲಿ ಹಾಲಿನ ತೊರೆ ಅಷ್ಟು ದೂರ ಓಡಲಿಲ್ಲ. ಕ್ರಿಯಾಪದವಾಗಿ ಬಾಳುವುದನ್ನು ಕಡಿಮೆ ಮಾಡಿ ನಾಮಪದವಾಗಿ ಒದಗಿ, ಪಕ್ಕದಲ್ಲಿ ‘ಬಿಡು’ ಎಂಬ ಸಹಾಯಕನನ್ನು ಇಟ್ಟುಕೊಂಡಿತು. ತೊರೆ ಬಿಡು. ಈ ಬದಲಾವಣೆಯಿಂದ ಇನ್ನೊಂದು ಸೂಕ್ಷ್ಮವೂ ಒದಗಿಬಂತು: ಮೊಲೆ ತೊರೆಯುವಾಗ ಕರ್ತೃ ಮೊಲೆ, ಎಮ್ಮೆ ತೊರೆ ಬಿಡುವಾಗ ಕರ್ತೃ ಎಮ್ಮೆ. ಹಾಲು ಹಿಂಡುವವನದು, ತೊರೆ ಎಮ್ಮೆಯದು.

ಇದಕ್ಕೊಂದು ಅವಳಿ ರೂಪವಿದೆ, ಸೊರೆ, ಆಡುಮಾತಿನಲ್ಲಿ ಸೊರ. ದಕ್ಷಿಣದ ಹಳ್ಳಿಗಳಲ್ಲಿ ಹಸು ಸೊರ ಬಿಟ್ಟಿತು ಎಂಬುದನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಸೊಪ್ಪು ತೊಪ್ಪಲು ಎಂಬ ಜೋಡಿಯಲ್ಲಿ ಕಾಣುವ ಸಕಾರ ತಕಾರಗಳ ಎದುರುಬದುರು ಇಲ್ಲೂ ಇದೆ. ತಮಿಳಿಗೆ ದಾಟಿದರೆ ಅದು ಸುರ, ಮಲಯಾಳದಲ್ಲಿ ಚುರತ್ತು. ಮುಂದಿನ ಅಕ್ಷರದ ಅಕಾರ ಐಕಾರಗಳ ಸೆಳೆತಕ್ಕೆ ಹಿಂದಿನ ಉಕಾರ ಕನ್ನಡದಲ್ಲಿ ಒಕಾರಕ್ಕೆ ಬಾಗುವುದು ನಮಗೆ ಪರಿಚಿತವೇ, ಅವರ ಕುಡೈ ನಮ್ಮ ಕೊಡೆ ಆದಂತೆ, ಅವರ ಸುರೈಕಾಯಿ ನಮ್ಮ ಸೊರೆಕಾಯಿ ಆದಂತೆ. ಬರೋ ಮತ್ತು ಎಮೆನೋ ಕೂಡಿ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶ ಇವುಗಳನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸಿದೆ. ಈ ಕೂಟದಲ್ಲಿ ಅಕ್ಕ ತಮಿಳು ಮಾಡಿದ ಒಂದು ಕೆಲಸವನ್ನು ನೋಡಿದಾಗಲೆಲ್ಲ ನನಗೆ ಆಸೆಯಾಗುತ್ತದೆ. ಅವರು ಸುರ ಎಂಬ ಕೊಟ್ಟಿಗೆಯ ಧಾತುವಿನಿಂದಲೇ ಸುರಪ್ಪಿ ಎಂಬ ಪದ ಮಾಡಿ ದೇಹದ ಗ್ರಂಥಿಗಳಿಗೆಲ್ಲ ಹೆಸರಿಟ್ಟರು. ಜೊಲ್ಲಿನ ಗ್ರಂಥಿಯೂ ಸುರಪ್ಪಿ, ಥೈರಾಯ್ಡೂ ಸುರಪ್ಪಿ. ಹಾಲಿಳಿಸುವ ಎಮ್ಮೆಯ ಮುಂದೆ ಕೂತಿದ್ದ ಪದ ವೈದ್ಯಕೀಯ ಕಾಲೇಜಿನ ಪಾಠಕ್ಕೆ ನಡೆದುಹೋಯಿತು.

ಸಂಸ್ಕೃತದ ಕಡೆಗೂ ಒಂದು ಹೆಜ್ಜೆ ಇಡೋಣ, ಏಕೆಂದರೆ ಅಲ್ಲಿ ಈ ಒಂದು ಗಳಿಗೆಗೆ ಮೀಸಲಾದ ಪದ ಬೇರೆಯೇ ಇದೆ: ಪ್ರಸ್ನವ. ಸ್ನು ಎಂದರೆ ಒಸರು. ಕಾಳಿದಾಸ ರಘುವಂಶದ ಮೊದಲನೆಯ ಸರ್ಗದಲ್ಲಿ ನಂದಿನಿ ಕಾಡಿನಿಂದ ಮರಳುವುದನ್ನು ವರ್ಣಿಸುವಾಗ ಅವಳ ಉಗುರುಬೆಚ್ಚಗಿನ ಹಾಲು ನೆಲಕ್ಕೆ ಸುರಿಯುತ್ತಿತ್ತೆಂದು ಹೇಳಿ ಸುಮ್ಮನಾಗುವುದಿಲ್ಲ. ಆ ಪ್ರಸ್ನವ ಹೊರಟದ್ದು ಕರುವನ್ನು ಕಂಡದ್ದರಿಂದ ಎಂಬ ಕಾರಣವನ್ನೂ ಒಂದು ಸಮಾಸದಲ್ಲಿ ಕಟ್ಟಿ ಕೊಡುತ್ತಾನೆ. ಕರು ಇನ್ನೂ ಬಾಯಿ ಹಾಕಿಲ್ಲ, ಕಂಡಿದೆ ಅಷ್ಟೆ. ಸುಶ್ರುತಸಂಹಿತೆಯ ನಿದಾನಸ್ಥಾನ ಇದನ್ನೇ ವೈದ್ಯನ ಮಾತಿನಲ್ಲಿ ಹೇಳುತ್ತದೆ: ಮಗುವಿನ ಸ್ಪರ್ಶದಿಂದ, ದರ್ಶನದಿಂದ, ಸ್ಮರಣೆಯಿಂದ, ಎತ್ತಿಕೊಳ್ಳುವುದರಿಂದ ಎದೆಹಾಲು ಹರಿಯುತ್ತದೆ, ಎಡೆಬಿಡದ ಸ್ನೇಹವೇ ಅದಕ್ಕೆ ಹೇತು. ಜೈನರ ಭಗವತೀಸೂತ್ರದಲ್ಲಿ ದೇವಾನಂದೆ ಎಂಬ ಬ್ರಾಹ್ಮಣಿ ಮಹಾವೀರನನ್ನು ಕಂಡೊಡನೆ ಅವಳ ಎದೆ ಹಾಲಾಡುತ್ತದೆ. ಬೆರಗಾದ ಶಿಷ್ಯ ಗೌತಮನಿಗೆ ಮಹಾವೀರ, ಇವಳು ನನ್ನ ತಾಯಿ ಎಂದು ಗುಟ್ಟು ಬಿಡಿಸುತ್ತಾನೆ. ಆ ಪ್ರಾಕೃತದಲ್ಲಿ ಪ್ರಸ್ನವ ಪಣ್ಹಯ ಆಗಿದೆ. ಅದೇ ಮುಂದೆ ಮರಾಠಿಯ ಪಾನ್ಹಾ. ತೆಲುಗು ಮಾತ್ರ ಈ ಎರಡೂ ಮನೆತನಗಳಿಗೆ ಸೇರದೆ ಚೇಪು ಎಂದು ಬೇರೊಂದು ಕ್ರಿಯಾಪದ ಹಿಡಿದಿದೆ. ಚಂದ್ರಬಂಡದಂಥ ಊರಿನಲ್ಲಿ ತೊರಿ ಬಿಡುವ ಎಮ್ಮೆಯನ್ನು ಗಡಿಯಾಚೆ ಮಾರಿದರೆ ಅದು ಅಲ್ಲಿ ಚೇಪತೊಡಗುತ್ತದೆ.

ಇಷ್ಟೊಂದು ಭಾಷೆಗಳು ಇಷ್ಟು ಸಣ್ಣ ಗಳಿಗೆಗೆ, ಹಿಂಡುವ ಕ್ರಿಯೆಯಿಂದ ಬೇರ್ಪಡಿಸಿ, ಒಂದು ಹೆಸರು ಇಟ್ಟುಕೊಂಡವಲ್ಲ, ಏಕೆ? ಸೋರು, ಒಸರು, ಜಿನುಗು, ಸೂಸು, ಊರು ಎಂದು ಕನ್ನಡದಲ್ಲಿ ದ್ರವದ ಚಲನೆಗೆ ಪದಗಳ ಬರವಿಲ್ಲ. ಅವು ಯಾವುವೂ ಇಲ್ಲಿ ಸಲ್ಲಲಿಲ್ಲ. ತೂತಾದ ಕೊಡ ಸೋರುತ್ತದೆ, ಬಂಡೆಯ ಸಂದು ಒಸರುತ್ತದೆ, ಹುಣಸೆ ಕಂಡರೆ ಬಾಯಲ್ಲಿ ನೀರೂರುತ್ತದೆ. ತೊರೆಯಲ್ಲಿ ಮಾತ್ರ ಇಡೀ ಪ್ರಾಣಿ ಒಂದು ಸುದ್ದಿಗೆ ಓಗೊಟ್ಟು ಒಳಗಿಟ್ಟಿದ್ದನ್ನು ಹೊರಗೆ ಬಿಡುತ್ತದೆ. ಈ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಕಳೆದ ಶತಮಾನದ ಶರೀರಶಾಸ್ತ್ರ ಬಿಡಿಸಿದಾಗ, ಕೊಟ್ಟಿಗೆಯ ಪದ ಎಷ್ಟು ನೆಟ್ಟಗಿತ್ತೆಂಬುದು ತಿಳಿಯಿತು.

ಹಾಲು ತಯಾರಾಗಿ ನಿಂತಿರುವುದು ಕೆಚ್ಚಲಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ. ಆಕಳಲ್ಲಿ ಅದರ ಸುಮಾರು ಐದನೇ ಒಂದು ಪಾಲು ಮಾತ್ರ ಮೊಲೆಯ ಮೇಲಿನ ತೊಟ್ಟಿಗೆ ತಾನಾಗಿ ಇಳಿದಿರುತ್ತದೆ, ಎಮ್ಮೆಯಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಅತ್ತೆ ಎಮ್ಮೆಯ ಮುಂದೆ ಹೆಚ್ಚು ಹೊತ್ತು ಕಾಯುತ್ತಿದ್ದುದು ಅದಕ್ಕೇ. ಕರುವಿನ ಮೂತಿ ಮೊಲೆಗೆ ತಾಕಿದಾಗ ನರಗಳು ಆ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮಿದುಳಿನ ಬುಡದ ಹೈಪೊಥಲಾಮಸ್‌ಗೆ ಒಯ್ಯುತ್ತವೆ. ಅಲ್ಲಿರುವ ದೊಡ್ಡ ನರಕೋಶಗಳು ಆಕ್ಸಿಟೋಸಿನ್ ಎಂಬ ಪೆಪ್ಟೈಡನ್ನು ತಯಾರಿಸಿ, ತಮ್ಮ ಉದ್ದನೆಯ ಎಳೆಗಳ ತುದಿಯಲ್ಲಿ, ಅಂದರೆ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ, ಕೂಡಿಟ್ಟಿರುತ್ತವೆ. ಸುದ್ದಿ ಬಂದೊಡನೆ ಅದು ರಕ್ತಕ್ಕೆ ಬೀಳುತ್ತದೆ, ಕೆಚ್ಚಲಿಗೆ ಬರುತ್ತದೆ, ಗುಳ್ಳೆಗಳ ಸುತ್ತ ಬಲೆಯಂತೆ ಹೆಣೆದುಕೊಂಡ ಕೋಶಗಳನ್ನು ಬಿಗಿಯುವಂತೆ ಮಾಡುತ್ತದೆ. ಗುಳ್ಳೆ ಹಿಂಡಿದಂತಾಗಿ ಹಾಲು ಕೆಳಗಿಳಿಯುತ್ತದೆ. ಆಕಳಿಗೆ ಇದೆಲ್ಲ ಆಗಲು ಅರ್ಧ ನಿಮಿಷದಿಂದ ಒಂದೆರಡು ನಿಮಿಷ. ಹೋಗುವಾಗ ನರದ ದಾರಿ, ಬರುವಾಗ ರಕ್ತದ ದಾರಿ. 1941ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬಿಬ್ಬರು ಕೆಚ್ಚಲಿನ ಒಂದು ಅರ್ಧಕ್ಕೆ ಬರುವ ನರಗಳನ್ನು ಕತ್ತರಿಸಿ ನೋಡಿದರು; ಇನ್ನೊಂದು ಅರ್ಧವನ್ನು ಮುಟ್ಟಿದಾಗ ಎರಡರಲ್ಲೂ ಹಾಲು ಇಳಿಯಿತು. ಬರುವ ದಾರಿ ರಕ್ತವೇ ಎಂಬುದಕ್ಕೆ ಅದು ಸಾಕ್ಷಿ. ಅವರೇ ಆಕಳ ಹತ್ತಿರ ಕಾಗದದ ಚೀಲ ಊದಿ ಒಡೆದು ಬೆದರಿಸಿದಾಗ ಹಾಲು ನಿಂತಿತು, ಏಕೆಂದರೆ ಅಂಜಿಕೆಯಲ್ಲಿ ಹೊಮ್ಮುವ ಅಡ್ರಿನಲಿನ್ ಈ ಇಳಿಕೆಯನ್ನು ತಡೆಯುತ್ತದೆ. ನಮ್ಮ ಕಡೆ ಇದಕ್ಕೆ ಎಮ್ಮೆ ಹಾಲು ಏರಿಸಿಕೊಂಡಿತು ಎನ್ನುತ್ತಾರೆ. ಹೊಸ ಕೈ ಬಂದರೆ, ನಾಯಿ ಬೊಗಳಿದರೆ, ಮನೆಯಲ್ಲಿ ಜಗಳವಾದರೂ ಏರಿಸೀತು ಎಂದು ಅತ್ತೆ ದನಿ ತಗ್ಗಿಸುತ್ತಿದ್ದಳು.

ನರಕೋಶವೇ ಗ್ರಂಥಿಯಂತೆ ವರ್ತಿಸುತ್ತದೆ ಎಂಬುದನ್ನು ಮೊದಲು ಹೇಳಿದ ಅರ್ನ್‌ಸ್ಟ್ ಶಾರರ್ ಅದನ್ನು ಕಂಡದ್ದು 1928ರಲ್ಲಿ, ಒಂದು ಸಣ್ಣ ಮೀನಿನ ಮಿದುಳಿನಲ್ಲಿ. ಬಹಳ ಜನ ನಂಬಲಿಲ್ಲ. ನರದ ಕೆಲಸ ಬೇರೆ, ಗ್ರಂಥಿಯ ಕೆಲಸ ಬೇರೆ ಎಂಬುದು ಆಗಿನ ವಿಂಗಡಣೆ. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಬಿಗಿಯುತ್ತದೆಂದು ಹೆನ್ರಿ ಡೇಲ್ 1906ರಲ್ಲೇ ಕಂಡಿದ್ದ, ಹಾಲನ್ನೂ ಇಳಿಸುತ್ತದೆಂದು ಆಟ್ ಮತ್ತು ಸ್ಕಾಟ್ 1910ರಲ್ಲಿ ಒಂದು ಆಡಿನಲ್ಲಿ ತೋರಿಸಿದ್ದರು. ಆ ಸಾರದ ಒಳಗಿನ ವಸ್ತುವನ್ನು ಬಿಡಿಸಿ, ಒಂಬತ್ತು ಅಮೈನೋ ಆಮ್ಲಗಳ ಸರವೆಂದು ಎಣಿಸಿ, ಆರು ಮಣಿಯ ಉಂಗುರಕ್ಕೆ ಮೂರು ಮಣಿಯ ಬಾಲ ಕಟ್ಟಿ ಪ್ರಯೋಗಶಾಲೆಯಲ್ಲಿ ತಯಾರಿಸಿದವರು ವಿನ್ಸೆಂಟ್ ಡು ವಿನ್ಯೋ, 1953ರಲ್ಲಿ. ಎರಡು ವರ್ಷಕ್ಕೆ ನೊಬೆಲ್ ಬಂತು. ಅದರ ಜೊತೆಯ ವ್ಯಾಸೊಪ್ರೆಸಿನ್‌ನಲ್ಲಿ ಬೇರೆಯಾಗಿರುವುದು ಎರಡೇ ಮಣಿ. ಆ ಎರಡು ಮಣಿಯ ವ್ಯತ್ಯಾಸಕ್ಕೆ ಅದರ ಕಸುಬೇ ಬೇರೆ: ರಾಯಚೂರಿನ ಬೇಸಿಗೆಯಲ್ಲಿ ಹೊಲದಿಂದ ಬಂದವನ ಮೈಯಲ್ಲಿ ಉಳಿದ ನೀರನ್ನು ಮೂತ್ರಪಿಂಡ ಪೋಲು ಮಾಡದಂತೆ ಹಿಡಿದಿಡುವುದು.

ಹೆಸರುಗಳನ್ನು ಬಿಡಿಸದೆ ಮುಂದೆ ಹೋಗುವುದು ನಮ್ಮಂಥವರಿಗೆ ಆಗದ ಮಾತು. ಆಕ್ಸಿಟೋಸಿನ್ ಎಂದರೆ ಗ್ರೀಕಿನಲ್ಲಿ ಬೇಗ ಹೆರಿಸುವುದು. ಹಾರ್ಮೋನ್ ಎಂಬುದನ್ನು ಸ್ಟಾರ್ಲಿಂಗ್ 1905ರ ತನ್ನ ಉಪನ್ಯಾಸದಲ್ಲಿ ಬಳಕೆಗೆ ತಂದ, ಕೆರಳಿಸು, ಹೊರಡಿಸು ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ. ಆ ಗ್ರೀಕ್ ಪದವನ್ನು ಹರಿ ಎಂಬರ್ಥದ ಧಾತುವಿಗೆ, ಅಂದರೆ ನಮ್ಮ ಸರತಿ, ಸರಿತ್ ಎಂಬ ಸಂಸ್ಕೃತ ರೂಪಗಳ ಮೂಲಕ್ಕೆ ಜೋಡಿಸುವ ನಿರುಕ್ತಕಾರರಿದ್ದಾರೆ. ಅವರ ಮಾತು ಹಿಡಿದರೆ ಹಾರ್ಮೋನಿನ ಒಳಗೂ ಒಂದು ನದಿ ಇದೆ, ನಮ್ಮ ತೊರೆಯ ಪಕ್ಕದಲ್ಲಿ ಒಂದು ನದಿ ನಿಂತಿರುವಂತೆಯೇ. ಅಲ್ಲಿ ರಕ್ತಸಂಬಂಧ, ಇಲ್ಲಿ ಬರಿಯ ಹೆಸರಿನ ಹೋಲಿಕೆ. ಪೆಪ್ಟೈಡ್ ಇನ್ನೂ ಹತ್ತಿರದ ನೆಂಟ. ಎಮಿಲ್ ಫಿಷರ್ 1902ರಲ್ಲಿ ಇಟ್ಟ ಈ ಹೆಸರು ಜೀರ್ಣಿಸು, ಬೇಯಿಸು ಎಂಬ ಗ್ರೀಕ್ ಪದದ ಮಗು. ಅದರ ದಾಯಾದಿ ಸಂಸ್ಕೃತದ ಪಚ್. ಪಚನ, ಪಕ್ವ, ಪಾಕ, ನಮ್ಮ ಬೆಲ್ಲದ ಪಾಕವೂ ಸೇರಿ, ಪೆಪ್ಟೈಡಿನ ಒಕ್ಕಲು. ಹೆರಿಗೆ ನೋವಿಗೆ ನಮ್ಮ ಕಡೆ ಬ್ಯಾನಿ ಎನ್ನುತ್ತೇವೆ: ವೇದನೆ ಬೇನೆಯಾಗಿ, ಬೇನೆ ಬ್ಯಾನಿಯಾಗಿ. ಬ್ಯಾನಿ ತರುವುದರಲ್ಲಿ ಕೈಯಿರುವ ರಸವೂ, ಹೆತ್ತ ಮೇಲೆ ತೊರೆ ಬಿಡಿಸುವ ರಸವೂ ಒಂದೇ ಆಕ್ಸಿಟೋಸಿನ್ ಆದ್ದರಿಂದ ಎಳೆಗೂಸು ಮೊಲೆ ಹಿಡಿದಾಗ ಬಾಣಂತಿಗೆ ಹೊಟ್ಟೆಯಲ್ಲಿ ಮತ್ತೊಮ್ಮೆ ಸಣ್ಣಗೆ ಹಿಂಡಿದಂತಾಗುತ್ತದೆ, ರಕ್ತ ಹೋಗುವುದು ತಗ್ಗುತ್ತದೆ. ಹೆರಿಗೆ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಈ ಔಷಧದ ಗಾಜಿನ ಸೀಸೆಗಳು 2ರಿಂದ 8 ಡಿಗ್ರಿ ತಂಪಿನಲ್ಲಿ ಕಾದಿರುವುದು ಹೆತ್ತ ತಾಯಿಯ ರಕ್ತ ನಿಲ್ಲಿಸಲಿಕ್ಕೆ.

ಆ ರಸದ ಸಂಚಾರ ಕೆಚ್ಚಲಿಗೂ ಗರ್ಭಕೋಶಕ್ಕೂ ನಿಲ್ಲಲಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರು ಕುರಿಗಳ ಮಿದುಳಿಗೆ ನೇರವಾಗಿ ಆಕ್ಸಿಟೋಸಿನ್ ಕೊಟ್ಟಾಗ ಅವು ತಮ್ಮದಲ್ಲದ ಮರಿಯನ್ನೂ ಮೂಸಿ, ನೆಕ್ಕಿ, ಹತ್ತಿರ ಬಿಟ್ಟುಕೊಂಡವು. ಬೆಂಗಳೂರಿನ ನಿಮ್ಹಾನ್ಸ್‌ನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯ ಇರುವವರಿಗೆ ಔಷಧದ ಜೊತೆ ಯೋಗವನ್ನೂ ಮಾಡಿಸಿದಾಗ ರಕ್ತದಲ್ಲಿ ಆಕ್ಸಿಟೋಸಿನ್ ಏರಿತು, ಎದುರಿನವರ ಮುಖದ ಭಾವ ಗುರುತಿಸುವ ಶಕ್ತಿಯೂ ಸುಧಾರಿಸಿತು. ಇವನ್ನು ಓದುವಾಗ ನನಗೆ ವಾತ್ಸಲ್ಯ ಎಂಬ ಪದ ಎದುರು ಬಂದು ನಿಲ್ಲುತ್ತದೆ. ವತ್ಸ ಎಂದರೆ ಕರು. ವತ್ಸರ, ಸಂವತ್ಸರಗಳ ಒಡಹುಟ್ಟು, ವರ್ಷ ತುಂಬುವ ಎಳೆಯದು. ವತ್ಸಲೆ ಎಂದರೆ ಮೊದಲಿಗೆ ಕರುವಿನ ಮೇಲೆ ಜೀವವಿಟ್ಟ ಆಕಳು. ಅಲ್ಲಿಂದ ತಾಯಿಗೆ, ತಾಯಿಯಿಂದ ದೇವರಿಗೆ ಏರಿದ ಪದ ಅದು. ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರ ಪರಂಪರೆಯವರು ಭಕ್ತವತ್ಸಲ ಎಂದು ಹಾಡುವಾಗಲೂ ಅದರ ಬುಡದಲ್ಲಿ ಕಟ್ಟಿಹಾಕಿದ ಕರು ಅಂಬಾ ಎನ್ನುತ್ತಲೇ ಇದೆ.

ಇಷ್ಟು ಆಸ್ತಿಯಿದ್ದ ಕನ್ನಡ, ವಿಜ್ಞಾನ ಬರೆಯುವಾಗ ಏನು ಮಾಡಿತು? ಗ್ರಂಥಿ, ನಿರ್ನಾಳ ಗ್ರಂಥಿ, ಸ್ರವಿಸು, ಸ್ರಾವ. ಹಾರ್ಮೋನಿಗೆ ಕೆಲವರು ಚೋದಕ ಎಂದರು, ಕೆಲವರು ರಸದೂತ ಎಂದರು. ಚೋದಕದಲ್ಲಿ ಗಾಯತ್ರಿಯ ಪ್ರಚೋದಯಾತ್‌ನ ಚುದ್ ಧಾತು ಇದೆ, ಸ್ಟಾರ್ಲಿಂಗನ ಮನಸ್ಸಿಗೆ ಬಹಳ ಹತ್ತಿರದ ಅನುವಾದ. ರಸದೂತ ನನಗೆ ಇನ್ನೂ ಪ್ರಿಯ, ರಕ್ತದಲ್ಲಿ ಹೊರಟ ಓಲೆಕಾರನನ್ನು ಅದು ಕಣ್ಣಿಗೆ ಕಟ್ಟುತ್ತದೆ. ಬಳಕೆಯಲ್ಲಿ ಗೆದ್ದದ್ದು ಹಾರ್ಮೋನು. ಅದಕ್ಕೆ ನನ್ನ ತಕರಾರಿಲ್ಲ. ಪಚನದ ದಾಯಾದಿಯೂ ಸರಿತ್ತಿನ ದಾಯಾದಿಯೂ ಮನೆಗೆ ಬಂದರೆ ಬೇಡವೆನ್ನುವುದೇಕೆ. ತಕರಾರಿರುವುದು ಸ್ರವಿಸು ಎಂಬುದರ ಬಗ್ಗೆ. ಗಾಯವೂ ಸ್ರವಿಸುತ್ತದೆ, ಮೂಗೂ ಸ್ರವಿಸುತ್ತದೆ. ಕೋಶ ತಾನು ತಯಾರಿಸಿ ಕೂಡಿಟ್ಟದ್ದನ್ನು ಒಂದು ಸುದ್ದಿ ಬಂದಾಗ, ಆ ಸುದ್ದಿಗಾಗಿಯೇ, ಬಿಡುವುದಕ್ಕೆ ಅದು ತೀರಾ ಸಡಿಲ. ಹೈನುಗಾರಿಕೆಯ ಕೈಪಿಡಿಯಲ್ಲಾದರೂ ಹಾಲಿನ ಸ್ರವಿಕೆ ಎನ್ನುವಲ್ಲಿ ತೊರೆ ಬಿಡುವುದು ಎಂದು ಬರೆದರೆ ಓದುವ ರೈತನಿಗೆ ಅರ್ಥ ಹೇಳಿಕೊಡುವ ಕೆಲಸವೇ ಇರುವುದಿಲ್ಲ.

ಪದಕ್ಕೊಂದು ಎಲ್ಲೆಯೂ ಇದೆ, ಅದನ್ನೂ ನಾನು ಕಲಿತದ್ದು ಅದೇ ಕೊಟ್ಟಿಗೆಯಲ್ಲಿ. ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದಿಟ್ಟು ಹಿಂಡುವುದು ಹಳೆಯ ರೂಢಿ. ಅದಕ್ಕಿಂತ ಕ್ರೂರವಾದದ್ದು, ಫೂಕಾ ಎಂದು ಹೆಸರಾದದ್ದು, ಎಮ್ಮೆಯ ಯೋನಿಗೆ ಗಾಳಿ ಊದುವುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಕಲಮು ಅದನ್ನೂ ಹಾಲಿಗಾಗಿ ದನಕ್ಕೆ ಹಾನಿಯಾಗುವ ಚುಚ್ಚುಮದ್ದು ಕೊಡುವುದನ್ನೂ ಅಪರಾಧವೆಂದಿದೆ. ಆಕ್ಸಿಟೋಸಿನ್ ಅಗ್ಗವಾಗಿ ಸಿಗತೊಡಗಿದ ಮೇಲೆ ಕರುವಿನ ಜಾಗಕ್ಕೆ ಸೂಜಿ ಬಂತು. ಈ ದುರುಪಯೋಗ ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಬಳಕೆಗೆ ಅದನ್ನು ಸಾರ್ವಜನಿಕ ವಲಯವಷ್ಟೇ ತಯಾರಿಸಬೇಕೆಂದಿತು. ಹೊಣೆ ಬಂದದ್ದು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್‌ಗೆ. ಬಾಣಂತಿಯರಿಗೆ ಔಷಧ ಸಿಗದೆ ಹೋದೀತೆಂಬ ಆತಂಕ ನ್ಯಾಯಾಲಯದ ಮೆಟ್ಟಿಲೇರಿತು, ಅದೇ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಅತ್ತೆಯ ಮನೆಗೆ ಹೋಗಿದ್ದಾಗ ನೆರೆಯವರ ಎಮ್ಮೆಗೆ ಸೂಜಿ ಹಾಕಿ ಹಿಂಡುತ್ತಿದ್ದರು. ಅದಕ್ಕೂ ತೊರಿ ಬಿಡ್ತು ಅಂತಾರೇನತ್ತಿ ಎಂದು ಕೇಳಿದೆ. ಮುಪ್ಪಿನ ಅತ್ತೆ ಆ ಕಡೆ ನೋಡದೆ, ‘ಇಲ್ಲಪಾ, ಹಾಲು ಬಂತು ಅಂತಾರ’ ಎಂದಳು. ಆಮೇಲೆ ತನ್ನ ಎಮ್ಮೆಯ ಕರುವಿನ ಕೊರಳ ಹಗ್ಗ ಬಿಚ್ಚಿದಳು. ಕರು ಓಡಿ ಹೋಗಿ ಗುದ್ದಿತು, ಎಮ್ಮೆ ಹಿಂದಿರುಗಿ ಅದರ ಬಾಲ ಮೂಸಿತು, ನಾವಿಬ್ಬರೂ ಕಾದೆವು.